ಅಂಬಾಸಿಡರಿಗೆ ಮಡಿ ಉಡಿಸುವವರು

ಹಳೇ ಕಾರಿನ ವಿಷಯದಲ್ಲಿ ನಮ್ಮ ಮನೆಗಳು ಒಗ್ಗಟ್ಟಾಗುವುದು ಎರಡೇ ಸಲ. ಒಂದು, ಅದು ಕೆಟ್ಟು ರಸ್ತೆ ಮಧ್ಯೆ ನಿಂತಾಗ ತಳ್ಳುವುದಕ್ಕೆ. ಇನ್ನೊಂದು, ಯಜಮಾನರು ತೀರಿಕೊಂಡ ಮೇಲೆ ಅದನ್ನು ಗುಜರಿಗೆ ಹಾಕಕೂಡದು ಎಂದು ತೀರ್ಮಾನಿಸುವುದಕ್ಕೆ. ವೈಕುಂಠ ಸಮಾರಾಧನೆಯ ಮರುದಿನಕ್ಕೆ ಆ ಒಗ್ಗಟ್ಟೂ ಮುಗಿಯಿತು. ಹಿರಿಮಗ ‘ಒರಿಜಿನಲ್ ಕಂಡೀಶನ್ನಿಗೆ ತರೋಣ’ ಅನ್ನುತ್ತಾನೆ. ಕಿರಿಯವನು ‘ಅಣ್ಣಾ, ಒಂಚೂರು ಮಾಡಿಫೈ ಮಾಡಿಸೋಣ’ ಅನ್ನುತ್ತಾನೆ. ಸೈಟಿನ ಪಾಲುಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದೇ ಮಧ್ಯಾಹ್ನಕ್ಕೆ ಮುಗಿದಿತ್ತು. ಕಾರಿನ ಪಂಚಾಯಿತಿ ಮಾತ್ರ ಮುಗಿಯುವುದಿಲ್ಲ. ಅಷ್ಟರತನಕ ಕಾರು ಟಾರ್ಪಾಲಿನ ಕೆಳಗೆ ಮಲಗಿರುತ್ತದೆ, ಬೆಕ್ಕು ಅದರ ಹಿಂದಿನ ಸೀಟಿನಲ್ಲಿ ಬಾಣಂತನ ಮುಗಿಸಿಕೊಂಡು ಹೋಗುತ್ತದೆ.

ಯಾವ ಕಾರು ಅಂತ ಕೇಳಬೇಕಾಗಿಯೇ ಇಲ್ಲ. ಆ ತಲೆಮಾರಿಗೆ ಈ ದೇಶ ದಯಪಾಲಿಸಿದ್ದು ಎರಡೂವರೆ ಕಾರು: ಅಂಬಾಸಿಡರ್, ಫಿಯೆಟ್, ಮತ್ತೆ ಮದರಾಸಿನಿಂದ ಬರುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಬಂದಾಗ ಯಾವ ಬಣ್ಣ ಬಂತೋ ಅದೇ ನಮ್ಮ ಮೆಚ್ಚಿನ ಬಣ್ಣ. ಬೇರೆ ಗತಿಯಿಲ್ಲದೆ ಕೊಂಡದ್ದು, ಬೇರೆ ಗತಿಯಿಲ್ಲದೆ ಓಡಿಸಿದ್ದು ಈಗ ‘ಕ್ಲಾಸಿಕ್’ ಆಗಿದೆ. ಅಪ್ಪನ ತಲೆಮಾರು ಶಪಿಸುತ್ತಾ ಕ್ಲಚ್ಚು ಒತ್ತುತ್ತಿದ್ದ ಕಾರಿನ ಮುಂದೆ ಮಕ್ಕಳ ತಲೆಮಾರು ಕಣ್ಣು ಒದ್ದೆ ಮಾಡಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಿದೆ.

ಮೊದಲು ಮಡಿವಂತರನ್ನು ನೋಡೋಣ. ಕಾರ್ಖಾನೆಯ ಗೇಟು ದಾಟಿದ ಗಳಿಗೆಯಲ್ಲಿ ಕಾರು ಪರಿಶುದ್ಧವಾಗಿತ್ತು, ಆಮೇಲೆ ಮುಟ್ಟಿದವರೆಲ್ಲ ಮೈಲಿಗೆ ಮಾಡಿದರು ಎಂಬುದು ಇವರ ಸಿದ್ಧಾಂತ. ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ತಿರುಗುತ್ತಾರೆ. ಯಾರದಾದರೂ ಹಳೇ ಕಾರು ಕಂಡರೆ ನಮಸ್ಕಾರಕ್ಕೂ ಮುಂಚೆ ಅದರ ಮಡ್‌ಗಾರ್ಡಿಗೆ ಅಯಸ್ಕಾಂತ ಹಚ್ಚಿ ನೋಡುತ್ತಾರೆ. ಅಂಟಿಕೊಂಡರೆ ತಗಡು, ಜಾರಿದರೆ ಪುಟ್ಟಿ. ಜಾರಿತೋ, ಆ ಕಾರಿನ ಯಜಮಾನನ ಕಡೆ ಇವರು ನೋಡುವ ನೋಟ ಇದೆಯಲ್ಲ, ಏಕಾದಶಿಯ ದಿನ ಈರುಳ್ಳಿ ಬಜ್ಜಿ ತಿಂದು ಸಿಕ್ಕಿಬಿದ್ದವನನ್ನೂ ಹಾಗೆ ಯಾರೂ ನೋಡಿರಲಾರರು.

ಶನಿವಾರ ಬಂದರೆ ಇವರ ಯಾತ್ರೆ ಬೆಂಗಳೂರಿನ ಜೆ.ಸಿ. ರಸ್ತೆಗೆ. ಅಂಬಾಸಿಡರ್ ಮಾರ್ಕ್ 2ರ ಬಾಗಿಲ ಹಿಡಿ ಬೇಕು, ಆದರೆ ಈಗ ಎರಕ ಹೊಯ್ದದ್ದು ಬೇಡ, ಆ ಕಾಲದಲ್ಲೇ ತಯಾರಾಗಿ, ಮಾರಾಟವಾಗದೆ ಉಳಿದ ಓಲ್ಡ್ ಸ್ಟಾಕೇ ಬೇಕು. ಅಂಗಡಿಯವರಿಗೆ ಈ ಭಕ್ತಿಯ ಆಳ ಚೆನ್ನಾಗಿ ಗೊತ್ತು. ಹಿಂದೆಲ್ಲ ಸತ್ತ ಮಾಲು ಅಂತ ಅಟ್ಟಕ್ಕೆ ಎಸೆದದ್ದನ್ನು ಈಗ ಕೆಳಗಿಳಿಸಿ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಹುಡುಗನೊಬ್ಬ ಬಟ್ಟೆ ತಂದು ಒರೆಸಹೋದರೆ ಯಜಮಾನರು ಗದರುತ್ತಾರೆ. ಧೂಳಿಗೂ ಈಗ ಬೆಲೆ ಇದೆ.

ಇಷ್ಟೆಲ್ಲ ಮಾಡಿ ಯಾವ ಒರಿಜಿನಲ್ಲಿಗೆ ವಾಪಸು ಹೋಗುತ್ತೀರಿ ಅಂತ ಕೇಳಿ ನೋಡಿ, ತಡವರಿಸುತ್ತಾರೆ. ಮೂಲ ಅಂತಲೇ ಹೊರಟರೆ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ತದ್ರೂಪು. 1957ರಲ್ಲಿ ಹಿಂದುಸ್ತಾನ್ ಮೋಟರ್ಸ್ ಅದಕ್ಕೆ ಅಂಬಾಸಿಡರ್ ಅಂತ ಹೆಸರಿಟ್ಟಿತು. ಎರಡು ವರ್ಷಕ್ಕೆ ಎಂಜಿನ್ ಬದಲಾಗಿ 1489 ಸಿಸಿಯ ಓವರ್‌ಹೆಡ್ ವಾಲ್ವಿನದು ಬಂತು. ಅರವತ್ತರ ದಶಕದಲ್ಲಿ ಮುಖದ ಜಾಲರಿ ಬದಲಾಗಿ ಮಾರ್ಕ್ 2 ಆಯಿತು, 1975ಕ್ಕೆ ಮಾರ್ಕ್ 3, 1979ಕ್ಕೆ ಮಾರ್ಕ್ 4. ಆಮೇಲೆ ನೋವಾ, ಆಮೇಲೆ ಇಸುಜು ಎಂಜಿನ್ನು. 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆ ನಿಲ್ಲುವ ತನಕ ಕಂಪನಿಯೇ ಅದನ್ನು ಮಾಡಿಫೈ ಮಾಡುತ್ತಲೇ ಇತ್ತು, ಹೊಟ್ಟೆಯ ಆಕಾರವೊಂದನ್ನು ಬಿಟ್ಟು. ಫಿಯೆಟ್ಟಿನ ಕಥೆ ಇನ್ನೂ ಚೆನ್ನ. 1964ರಲ್ಲಿ ‘1100 ಡಿಲೈಟ್’ ಅಂತ ಬಂದದ್ದು ನಡುವೆ ‘ಪ್ರೀಮಿಯರ್ ಪ್ರೆಸಿಡೆಂಟ್’ ಆಗಿ, 1974ರಿಂದ ಪದ್ಮಿನಿ ಆಯಿತು. ಜನ ಮಾತ್ರ ಕೊನೇವರೆಗೂ ಫಿಯೆಟ್ ಅಂತಲೇ ಕರೆದರು. ಒರಿಜಿನಲ್ ಹೆಸರನ್ನು ಉಳಿಸಿಕೊಂಡವರು ಅವರೊಬ್ಬರೇ, ಅವರಿಗೆ ಯಾವ ಕ್ಲಬ್ಬೂ ಟ್ರೋಫಿ ಕೊಟ್ಟಿಲ್ಲ.

ಇನ್ನು ಕಾರ್ಖಾನೆಯ ಗೇಟಿನ ಪರಿಶುದ್ಧತೆ. ಹೊಸ ಅಂಬಾಸಿಡರಿನ ನಾಲ್ಕು ಬಾಗಿಲ ಸಂದು ನಾಲ್ಕು ಅಳತೆ ಇರುತ್ತಿದ್ದವು ಎಂಬುದು ಓಡಿಸಿದವರಿಗೆಲ್ಲ ಗೊತ್ತಿದ್ದ ಗುಟ್ಟು. ಕೊಂಡವರು ಮೊದಲ ವಾರವೇ ನಂಬಿಕಸ್ಥ ಗ್ಯಾರೇಜಿಗೆ ಒಯ್ದು ನಟ್ಟು ಬೋಲ್ಟು ಬಿಗಿಸಿಕೊಂಡು ಬರುತ್ತಿದ್ದರು. ಮಳೆ ಬಂದರೆ ಕಾಲಡಿ ಒದ್ದೆ. ಈಗಿನ ಮಡಿವಂತರು ಅದೇ ಕಾರಿಗೆ ಕನ್ನಡಿ ಹೊಳಪಿನ ಪೇಂಟು ಹೊಡೆಸಿ, ಸಂದುಗಳನ್ನು ಕೂದಲೆಳೆಯಷ್ಟು ಸಮ ಮಾಡಿಸಿ, ಒಂದು ಹನಿ ನೀರೂ ಒಳಗೆ ಬಾರದಂತೆ ರಬ್ಬರು ಕೂರಿಸಿ, ‘ಕಾರ್ಖಾನೆಯಿಂದ ಹೀಗೇ ಬಂದಿತ್ತು’ ಎನ್ನುತ್ತಾರೆ. ಉತ್ತರಪಾರಾದ ಕಾರ್ಮಿಕನೊಬ್ಬ ಅದನ್ನು ನೋಡಿದರೆ, ಇದು ಯಾವ ದೇಶದ ಕಾರು ಸ್ವಾಮಿ ಅಂತ ಕೇಳುತ್ತಾನೆ.

ವಿಲ್ಸನ್ ಗಾರ್ಡನ್ ಕಡೆಯ ಒಂದು ಗ್ಯಾರೇಜಿನಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಕಾರು 1972ರದ್ದು. ಯಜಮಾನರು ಸಾಫ್ಟ್‌ವೇರ್ ಕಂಪನಿಯಿಂದ ಬೇಗ ನಿವೃತ್ತರಾಗಿ, ಇನ್ನು ಮೇಲೆ ನಿಧಾನವಾಗಿ ಬದುಕಬೇಕು ಅಂತ ನಿರ್ಧರಿಸಿದವರು. ಅಂಬಾಸಿಡರ್ ಅದಕ್ಕೆ ಹೇಳಿ ಮಾಡಿಸಿದ ವಾಹನ. ಮಾರಿದವನು ‘ಸಿಂಗಲ್ ಓನರ್, ಡಾಕ್ಟರ್ ಗಾಡಿ’ ಎಂದಿದ್ದನಂತೆ. ಈ ದೇಶದಲ್ಲಿ ಮಾರಾಟಕ್ಕೆ ಬರುವ ಹಳೇ ಕಾರುಗಳೆಲ್ಲ ಡಾಕ್ಟರದ್ದೇ. ಅಷ್ಟು ಡಾಕ್ಟರುಗಳು ಇದ್ದಿದ್ದರೆ ಸರ್ಕಾರಿ ಆಸ್ಪತ್ರೆಗಳು ಖಾಲಿ ಯಾಕಿರುತ್ತಿದ್ದವೋ.

‘ಸಾರ್, ಒರಿಜಿನಲ್ ಬಣ್ಣ ಬೇಕು ಅಂದ್ರಲ್ಲ, ಬನ್ನಿ ಇಲ್ಲಿ’ ಅಂತ ಟಿಂಕರಿಂಗಿನ ಭಾಯ್ ಕರೆದರು. ಹಿಂದಿನ ಬಾಗಿಲ ಮೇಲೆ ಅಂಗೈ ಅಗಲ ಜಾಗವನ್ನು ವಾಟರ್ ಪೇಪರಿನಲ್ಲಿ ಉಜ್ಜಿದ್ದರು. ಮೇಲೆ ಬಿಳಿ. ಅದರ ಅಂಚಿನಲ್ಲಿ ಕೆನೆಬಣ್ಣದ ಒಂದು ಬಳೆ. ಅದರೊಳಗೆ ಕಪ್ಪಿನ ಬಳೆ. ಕಪ್ಪಿನೊಳಗೆ ತಿಳಿನೀಲಿ, ಎಲ್ಲಕ್ಕೂ ನಡುವೆ ರೆಡ್ ಆಕ್ಸೈಡಿನ ಕಂದು ಬೊಟ್ಟು.

‘ಕಪ್ಪು ಯಾಕೆ ಬಂತು?’

‘ಟ್ಯಾಕ್ಸಿ ಓಡಿದೆ ಸಾರ್. ಟಾಪ್ ಮೇಲೆ ಉಜ್ಜಿದ್ರೆ ಹಳದಿ ಬರತ್ತೆ. ಉಜ್ಜಲಾ?’

‘ಬೇಡ, ಬೇಡ.’

ಭಾಯ್ ಅಷ್ಟಕ್ಕೆ ಬಿಡಲಿಲ್ಲ. ಮುಂದಿನ ಸೀಟು ಬಿಚ್ಚಿದ್ದರಲ್ಲ, ಕಾಲಡಿಯ ಮ್ಯಾಟು ಎತ್ತಿ ತೋರಿಸಿದರು. ತುಕ್ಕು ತಿಂದ ಜಾಗಕ್ಕೆ ಯಾರೋ ಡಾಲ್ಡಾ ಡಬ್ಬ ಬಿಡಿಸಿ ತೇಪೆ ಹಾಕಿದ್ದರು. ತಾಳೆಮರದ ಚಿತ್ರ ಅರ್ಧ ಉಳಿದಿತ್ತು. ಸುತ್ತ ರಿವಿಟ್ಟುಗಳು, ಒಂದರಿಂದ ಇನ್ನೊಂದಕ್ಕೆ ಒಂದೇ ಅಂತರ, ಗೆರೆ ಎಳೆದ ಹಾಗೆ. ‘ಯಾರೋ ಉಸ್ತಾದ್ ಕೈ ಸಾರ್ ಇದು. ಈಗಿನ ಹುಡುಗರು ಹೀಗೆ ಹೊಡೆಯಲ್ಲ’ ಎಂದು ಭಾಯ್ ಬೆರಳಾಡಿಸಿದರು. ಯಜಮಾನರು ಮೂಗು ಮುರಿದು, ‘ಕಿತ್ತು ಎಸೀರಿ, ಎಲ್ಲ ಒರಿಜಿನಲ್ ಆಗಬೇಕು’ ಎಂದರು. ಟ್ಯಾಕ್ಸಿ ಓಡಿಸಿ ಸಂಸಾರ ಸಾಕಿದ ಒಬ್ಬ ಚಾಲಕ, ತೇಪೆ ಹಾಕಿದ ಒಬ್ಬ ಉಸ್ತಾದ್, ಇಬ್ಬರೂ ಅಲ್ಲಿಗೆ ಆ ಕಾರಿನಿಂದ ಇಳಿದುಹೋದರು. ಇಲ್ಲದ ಡಾಕ್ಟರು ಮಾತ್ರ ಹಿಂದಿನ ಸೀಟಿನಲ್ಲಿ ಖಾಯಂ ಕೂತರು.

ಹಾಗಾದರೆ ಕಿರಿಮಗನ ಪಂಥವೇ ವಾಸಿಯೇ? ಅವಸರ ಬೇಡ. ಇವರಿಗೆ ಕಾರಿನ ಗತ್ತು ಹಳೆಯದು ಬೇಕು, ಸವಲತ್ತು ಹೊಸದು ಬೇಕು. ರೆಸ್ಟೊಮಾಡ್ ಅಂತ ಇದಕ್ಕೊಂದು ಹೆಸರೂ ಉಂಟು. ಮೊದಲ ಬಲಿ ಸ್ಟೀರಿಂಗ್ ಪಕ್ಕದ ಗೇರು. ಮುಂದಿನ ಉದ್ದ ಸೀಟು ಹೋಗಿ, ಸೊಂಟವನ್ನು ಅವಚಿ ಹಿಡಿಯುವ ಬಕೆಟ್ ಸೀಟು ಬರುತ್ತದೆ. ಒಂದೇ ಸೀಟಿನಲ್ಲಿ ಮೂವರು ಕೂತು, ಗೇರು ಹಾಕುವಾಗೆಲ್ಲ ನಡುವಿನವನು ಮಂಡಿ ಸರಿಸಿಕೊಳ್ಳುತ್ತಿದ್ದ ಸಾಮಾಜಿಕ ನ್ಯಾಯ ಅಲ್ಲಿಗೆ ಮುಕ್ತಾಯ. ಬಳಿಕ ಅಲಾಯ್ ಚಕ್ರ, ಚಪ್ಪಟೆ ಟೈರು. ತಿರುವಿನಲ್ಲಿ ಅದು ಮಡ್‌ಗಾರ್ಡಿಗೆ ಉಜ್ಜಿ ಚೀರುತ್ತದೆ. ದುಂಡು ಹೆಡ್‌ಲೈಟಿನೊಳಗೆ ನೀಲಿ ಎಲ್‌ಇಡಿ ಬಳೆ. ಅಕ್ಕಿ ಮೂಟೆ, ತೆಂಗಿನಕಾಯಿ, ಮದುವೆಯ ಕೊಪ್ಪರಿಗೆ ಎಲ್ಲವೂ ಹಿಡಿಯುತ್ತಿದ್ದ ಡಿಕ್ಕಿಯ ತುಂಬ ಈಗ ಸಬ್‌ವೂಫರ್. ಕೊನೆಗೆ ಎಂಜಿನ್ನೂ ಬೇರೆಯದು, ಗೇರ್‌ಬಾಕ್ಸೂ ಬೇರೆಯದು. ಅಂಬಾಸಿಡರ್ ಅಂತ ಉಳಿದದ್ದು ಬಾನೆಟ್ಟಿನ ಉಬ್ಬು ಮತ್ತು ಮನೆಯವರೊಂದಿಗಿನ ವಾದ. ಇಷ್ಟು ಖರ್ಚಿನಲ್ಲಿ ಹೊಸ ಕಾರೇ ಬರುತ್ತಿತ್ತಲ್ಲ ಎಂದರೆ, ಹೊಸ ಕಾರನ್ನು ಸಿಗ್ನಲ್ಲಿನಲ್ಲಿ ಯಾರು ತಿರುಗಿ ನೋಡುತ್ತಾರೆ ಎಂಬ ಉತ್ತರ ಬರುತ್ತದೆ. ಪ್ರಾಮಾಣಿಕ ಉತ್ತರ. ಮಡಿವಂತರ ಬಾಯಿಂದ ಇಷ್ಟು ಪ್ರಾಮಾಣಿಕ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಇದೇ ಪಂಥದ ಇನ್ನೊಂದು ಶಾಖೆ ಕಾರನ್ನು ಓಡಿಸುವ ತಾಪತ್ರಯವನ್ನೇ ತೆಗೆದುಹಾಕಿದೆ. ಕಾರನ್ನು ನಡುವೆ ಕೊಯ್ದು, ಮುಂಭಾಗವನ್ನು ಕೆಫೆಯ ಗೋಡೆಗೆ ಅಂಟಿಸಿ, ಬಾನೆಟ್ಟಿನ ಮೇಲೆ ಗಲ್ಲಾಪೆಟ್ಟಿಗೆ ಇಡುತ್ತಾರೆ. ಹಿಂಭಾಗ ಸೋಫಾ. ಮದುವೆಗೆ ಮುಂಚಿನ ಫೋಟೋ ತೆಗೆಸುವವರಿಗೆ ಇಡೀ ಕಾರು ಬಾಡಿಗೆಗೆ ಸಿಗುತ್ತದೆ. ಮೈಸೂರು ರೇಷ್ಮೆಯ ವಧು ಬಾನೆಟ್ಟಿಗೆ ಒರಗಿ ದೂರ ನೋಡುತ್ತಾಳೆ, ವರ ಕಿಟಕಿಗೆ ಮೊಳಕೈ ಇಟ್ಟು ಆಕೆಯನ್ನು ನೋಡುತ್ತಾನೆ, ಹಿಂದೆ ಇಬ್ಬರು ಸಹಾಯಕರು ಬಗ್ಗಿ ಕಾರನ್ನು ಫ್ರೇಮಿನೊಳಕ್ಕೆ ತಳ್ಳುತ್ತಿರುತ್ತಾರೆ. ಬ್ಯಾಟರಿ ಇಲ್ಲ ನೋಡಿ.

ಬ್ಯಾಟರಿ ಅಂದಾಗ ನೆನಪಾಯಿತು. ಹಳೇ ಕಾರಿನ ಎಂಜಿನ್ ಕಿತ್ತು ಮೋಟರು ಕೂರಿಸುವ ಹೊಸ ಸಂಪ್ರದಾಯವೂ ಶುರುವಾಗಿದೆ. 2018ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ರಾಜಕುಮಾರ ಹ್ಯಾರಿ ಮದುವೆಯ ಆರತಕ್ಷತೆಗೆ ಹೆಂಡತಿಯನ್ನು ಕರೆದುಕೊಂಡು ಹೋದದ್ದು ಬ್ಯಾಟರಿಯ ಜಾಗ್ವಾರ್ ಇ-ಟೈಪಿನಲ್ಲಿ. ಗಾಡಿ 1968ರದ್ದು, ನಂಬರ್ ಪ್ಲೇಟಿನಲ್ಲಿ ಮದುವೆಯ ತಾರೀಕು. ಜಗತ್ತಿನ ಹಳೇ ಕಾರುಗಳ ಒಕ್ಕೂಟ ‘ಫಿವಾ’, ಎಂಜಿನ್ ಹೋದ ಕಾರು ಚಾರಿತ್ರಿಕ ಕಾರಲ್ಲ ಎಂದು ತನ್ನ ನಿಲುವು ಹೇಳಿತು. ವರನ ತಂದೆ ಮಗನಿಗಿಂತ ಜಾಣ. ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ತಾಯಿ ಕೊಟ್ಟ ಆಸ್ಟನ್ ಮಾರ್ಟಿನ್ನಿಗೆ ಉಳಿಕೆ ವೈನು ಮತ್ತು ಚೀಸು ಮಾಡಿ ಮಿಕ್ಕ ಹಾಲಿನ ನೀರಿನಿಂದ ತೆಗೆದ ಇಂಧನ ಕುಡಿಸುತ್ತಿರುವುದಾಗಿ ಚಾರ್ಲ್ಸ್ ಮಹಾಶಯರು 2021ರಲ್ಲಿ ಹೇಳಿಕೊಂಡರು. ಕಾರು ಕೆಟ್ಟುಹೋಗುತ್ತದೆ ಎಂದು ಎಂಜಿನಿಯರುಗಳು ಗೊಣಗಿದರಂತೆ, ಹಾಗಿದ್ದರೆ ನಾನು ಓಡಿಸುವುದೇ ಇಲ್ಲ ಎಂದು ಇವರು ಹಟ ಹಿಡಿದರಂತೆ. ಯುವರಾಜ ಹಟ ಹಿಡಿದರೆ ರಸಾಯನಶಾಸ್ತ್ರವೂ ಬಗ್ಗುತ್ತದೆ. ಹೊರಗೆ ಮಡಿ, ಹೊಟ್ಟೆಯಲ್ಲಿ ವೈನು: ನಮ್ಮಲ್ಲೂ ಇದು ಅಪರೂಪದ ವ್ಯವಸ್ಥೆಯೇನಲ್ಲ.

ರಾಜರ ಮಾತು ಬಂತು, ನಮ್ಮ ರಾಜರನ್ನು ಬಿಡಲಾದೀತೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದದ್ದು ಬರೀ ಚಾಸಿ ಮತ್ತು ಎಂಜಿನ್ನು. ಮೈ ಕಟ್ಟಿಸಿಕೊಳ್ಳುವುದು ಕೊಂಡವರ ಕೆಲಸ. ಹೂಪರ್, ಬಾರ್ಕರ್ ಥರದ ಬಾಡಿ ಕಟ್ಟುವವರ ಹತ್ತಿರ ಹೋಗಿ, ಬೇಟೆಗೆ ಬಂದೂಕಿನ ಗೂಡು ಬೇಕು, ಹುಲಿಯ ಕಣ್ಣು ಕುಕ್ಕುವ ದೀಪ ಬೇಕು, ಅಂತಃಪುರಕ್ಕೆ ಪರದೆ ಬೇಕು ಅಂತ ಪಟ್ಟಿ ಕೊಡುತ್ತಿದ್ದರು. ಮೈಸೂರಿನ ಅರಮನೆ ಒಂದೇ ಸಲಕ್ಕೆ ಏಳೇಳು ರೋಲ್ಸ್ ತರಿಸುತ್ತಿತ್ತು ಎಂಬ ಕಥೆ ಹಳೇ ಕಾರಿನವರ ವಲಯದಲ್ಲಿ ಇವತ್ತಿಗೂ ಓಡಾಡುತ್ತದೆ. ಅಂದರೆ ಇವತ್ತು ಹರಾಜಿನಲ್ಲಿ ‘ಅಪ್ಪಟ ಒರಿಜಿನಲ್’ ಅಂತ ಕೋಟಿಗಳಿಗೆ ಹೋಗುವ ಮಹಾರಾಜರ ಕಾರುಗಳೆಲ್ಲ ಹುಟ್ಟಿದ್ದೇ ಮಾಡಿಫೈ ಆಗಿ.

1910ರ ಹೊತ್ತಿನಲ್ಲಿ ಕಲ್ಕತ್ತೆಯ ಆಂಗ್ಲ ಸಾಹೇಬನೊಬ್ಬ ಹಂಸದ ಆಕಾರದ ಕಾರು ಕಟ್ಟಿಸಿದ. ಇಂಗ್ಲೆಂಡಿನ ಬ್ರೂಕ್ ಕಂಪನಿ ಕಟ್ಟಿಕೊಟ್ಟದ್ದು. ಮುಂದೆ ಉದ್ದ ಕತ್ತು, ಕೊಕ್ಕು. ದಾರಿಗೆ ಅಡ್ಡ ಬಂದವರ ಮೇಲೆ ಕೊಕ್ಕಿನಿಂದ ಬಿಸಿನೀರು ಚಿಮ್ಮುತ್ತಿತ್ತು. ಹಿಂದೆ ಒಂದು ಕವಾಟ. ಅದನ್ನು ತೆರೆದರೆ ರಸ್ತೆಯ ಮೇಲೆ ಸುಣ್ಣದ ನೀರು ಬಿದ್ದು ಹಕ್ಕಿ ಹಿಕ್ಕೆ ಹಾಕಿದಂತೆ ಕಾಣಬೇಕು. ಇಂದಿನ ಬೆಂಗಳೂರಿನಲ್ಲಿ ಯಾವನಾದರೂ ಹುಡುಗ ಇದನ್ನು ಮಾಡಿದರೆ ಗಾಡಿಯೂ ಅವನೂ ಠಾಣೆಯಲ್ಲಿ ಇರುತ್ತಾರೆ. ಆ ಹಂಸ ಈಗ ನೆದರ್ಲೆಂಡ್ಸಿನ ಹೇಗ್ ನಗರದ ಲೌಮನ್ ಮ್ಯೂಸಿಯಮ್ಮಿನಲ್ಲಿದೆ. ಒಬ್ಬ ಐಶ್ವರ್ಯವಂತನ ತಲೆಹರಟೆ ನೂರು ವರ್ಷ ಬಾಳಿದರೆ ಪರಂಪರೆ. ನಮ್ಮ ಬೀದಿಯ ಹುಡುಗನ ತಲೆಹರಟೆಗೆ ಇನ್ನೂ ವಯಸ್ಸಾಗಿಲ್ಲ, ಅಷ್ಟೇ ಅವನ ತಪ್ಪು.

ಈ ವ್ಯಾಜ್ಯ ಒಮ್ಮೆ ಲಂಡನ್ನಿನ ಕೋರ್ಟಿಗೂ ಹೋಗಿತ್ತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ 1929 ಮತ್ತು 1930ರಲ್ಲಿ ಲೆ ಮಾನ್ಸ್ ಓಟ ಗೆದ್ದದ್ದು. ಆಮೇಲೆ ಎಂಜಿನ್ ಬದಲಾಯಿತು, ಮೈ ಬದಲಾಯಿತು, ಒಳಗಿನದೂ ಬಹುಪಾಲು ಬದಲಾಯಿತು. ಒಂದು ಕೋಟಿ ಪೌಂಡಿಗೆ ಮಾತಾಡಿದ ಮೇಲೆ ಕೊಳ್ಳುವವರು, ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ಕೊಟ್ಟ ತೀರ್ಪು: ಭಾಗಗಳು ಒಂದೊಂದಾಗಿ ಬದಲಾಗಿದ್ದರೂ ಕಾರಿನ ಬಾಳು ಎಲ್ಲೂ ತುಂಡಾಗಿಲ್ಲ, ಆದ್ದರಿಂದ ಇದು ಅದೇ ಕಾರು. ಆ ನ್ಯಾಯಾಧೀಶರಿಗೆ ನಮ್ಮ ಡಾಲ್ಡಾ ಡಬ್ಬ ತೋರಿಸಿದ್ದರೆ ಎದ್ದು ನಿಂತು ಗೌರವಿಸುತ್ತಿದ್ದರೋ ಏನೋ.

ನಮ್ಮ ಸರ್ಕಾರದ ನಿಲುವು ಇದಕ್ಕಿಂತ ಸೂಕ್ಷ್ಮ. ಹದಿನೈದು ವರ್ಷ ದಾಟಿದ ಕಾರು ಅದರ ಕಣ್ಣಿಗೆ ಹೊಗೆ ಉಗುಳುವ ಪಾತಕಿ. ಅದರ ಆರ್.ಸಿ. ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಹಸಿರು ತೆರಿಗೆ ಬೇರೆ. ಹೀಗೆ ದಂಡ ಕಟ್ಟುತ್ತಾ ಕಟ್ಟುತ್ತಾ ಐವತ್ತು ಮುಟ್ಟಿತೋ, ಅದೇ ಕಾರು ರಾಷ್ಟ್ರದ ಪರಂಪರೆ! 2021ರ ಜುಲೈನ ಕೇಂದ್ರದ ನಿಯಮ ಹಾಗೆ ಹೇಳುತ್ತದೆ: ಐವತ್ತು ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಸಿಂಧು. ಹದಿನೈದರಿಂದ ಐವತ್ತರವರೆಗಿನ ಮೂವತ್ತೈದು ವರ್ಷ ಕಾರು ಎಲ್ಲಿ ತಲೆ ಮರೆಸಿಕೊಂಡಿರಬೇಕು ಎಂಬುದನ್ನು ನಿಯಮ ಹೇಳಿಲ್ಲ.

ಹಾಗಂತ ವಿಂಟೇಜ್ ಬಿರುದು ಸಿಕ್ಕ ಮೇಲೆ ಓಡಿಸಬಹುದೇ? ದಿನದ ಓಡಾಟಕ್ಕೆ ಇಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ್ಯಾಲಿ, ರಿಪೇರಿ, ಮತ್ತೆ ಇಂಧನ ತುಂಬಿಸಲು ಮಾತ್ರ ರಸ್ತೆಗೆ ಇಳಿಯಬಹುದು. ಪೆಟ್ರೋಲ್ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬಂದರೆ, ಮತ್ತೆ ಪೆಟ್ರೋಲ್ ಬಂಕಿಗೆ ಹೋಗುವಷ್ಟು ಪೆಟ್ರೋಲ್ ಇರುತ್ತದೆ. ಟೌನ್ ಹಾಲ್ ಮುಂದೆ ಪೊಲೀಸಪ್ಪ ಕೈ ಅಡ್ಡ ಹಿಡಿದ ಅಂತಿಟ್ಟುಕೊಳ್ಳಿ.

‘ಎಲ್ಲಿಗೆ ಸ್ವಾಮಿ?’

‘ಪೆಟ್ರೋಲ್ ಹಾಕಿಸೋಕೆ.’

‘ಹಿಂದೆ ಕೂತಿರೋರು?’

‘ನಮ್ಮತ್ತೆ.’

‘ಅವರೂ ಪೆಟ್ರೋಲಿಗೇನಾ?’

‘ಇಲ್ಲ ಸಾರ್, ಅವರು ತಾಂತ್ರಿಕ ಸಂಶೋಧನೆಗೆ.’

ಕಿರಿಮಗನನ್ನೂ ಕಾನೂನು ಸುಮ್ಮನೆ ಬಿಟ್ಟಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ನೆನಪಿಸಿತು. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಕಾರು ನಿಂತಾಗ ಬಣ್ಣ ಕೂಡ ಆರ್.ಸಿ.ಯಲ್ಲಿ ಬರೆದದ್ದೇ ಇರಬೇಕು. ನಮ್ಮ ಆ ಐದು ಬಣ್ಣದ ಬಾಗಿಲನ್ನು ಆರ್.ಸಿ.ಯ ಯಾವ ಅಂಕಣದಲ್ಲಿ ಬರೆಸುತ್ತೀರಿ?

ಇನ್ನು ನಂಬರ್ ಪ್ಲೇಟು. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರು ಇರುವವರು ಊರಲ್ಲಿ ಎದೆ ಸೆಟೆಸಿ ಓಡಾಡುತ್ತಾರೆ, ಕಾರು ಓಡದಿದ್ದರೂ. ಕಪ್ಪು ತಗಡಿನ ಮೇಲೆ ಪೇಂಟರು ಕೈಯಲ್ಲೇ ಬರೆದ ಅಕ್ಷರ. 2023ರಲ್ಲಿ ರಾಜ್ಯ ಸರ್ಕಾರ, 2019ರ ಏಪ್ರಿಲ್‌ಗೆ ಮುಂಚಿನ ವಾಹನಗಳೂ ಅತಿ ಸುರಕ್ಷಿತ ಪ್ಲೇಟು ಹಾಕಿಸಿಕೊಳ್ಳಬೇಕೆಂದು ಆದೇಶಿಸಿತು. ಗಡುವು ಮುಂದೆ ಹೋಗುತ್ತಲೇ ಇತ್ತು, ಅದು ಬೇರೆ ಮಾತು. ಹೊಳೆಯುವ ಚಕ್ರದ ಹಾಲೋಗ್ರಾಂ, ನೀಲಿ ಅಕ್ಷರ, ಬಿಚ್ಚಿದರೆ ಮುರಿಯುವ ಬೀಗ. ಇಂಚಿಂಚೂ ಒರಿಜಿನಲ್ ಮಾಡಿಸಿದ ಮಾರ್ಕ್ 2ರ ಮುಖಕ್ಕೆ ನಿನ್ನೆ ಫ್ಯಾಕ್ಟರಿಯಲ್ಲಿ ಒತ್ತಿದ ಅಲ್ಯೂಮಿನಿಯಂ ಪಟ್ಟಿ! ಹೀಗಾಗಿ ಮಡಿವಂತರು ಎರಡು ಪ್ಲೇಟು ಇಟ್ಟುಕೊಂಡಿದ್ದಾರೆ. ಒಂದು ಪೊಲೀಸರಿಗೆ, ಒಂದು ಫೋಟೋಗೆ. ಬಿಳಿ ಸರ್ಕಾರಿ ಅಂಬಾಸಿಡರ್ ಮಾಡಿಸಿದ ಇನ್ನೊಬ್ಬರ ಗೋಳು ಬೇರೆ. ನೆತ್ತಿಯ ಮೇಲೆ ಕೆಂಪು ದೀಪ ಇಲ್ಲದಿದ್ದರೆ ಅದು ಒರಿಜಿನಲ್ ಅಲ್ಲ, ಇದ್ದರೆ 2017ರ ಮೇ ಒಂದರಿಂದ ಅಪರಾಧ. ದೀಪಕ್ಕೆ ಈಗ ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಜಾಗವಾಗಿದೆ.

ಇನ್ನು ಆ ಅಣ್ಣತಮ್ಮಂದಿರ ಕಡೆ ಬರೋಣ, ಯಾಕೆಂದರೆ ಜಗಳದ ಬೇರು ಅಲ್ಲಿದೆ. ಅವರ ಅಪ್ಪ ಆ ಕಾರನ್ನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಪೆಟ್ರೋಲಿನ ಬೆಲೆ ಏರಿದಾಗ ಹತ್ತಾರು ಊರಿನ ಟ್ಯಾಕ್ಸಿಯವರು ಮಾಡಿದ ಹಾಗೆ ಅವರೂ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು, ಆರ್.ಸಿ.ಯಲ್ಲಿ ಬರೆಸಿದರು. ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಫ್ಯಾನು ಹಾಕಿಸಿದರು. ಹಿಂದಿನ ಗಾಜಿಗೆ ಪರದೆ, ಅದರ ಮೇಲೆ ‘ಶ್ರೀ ಮಂಜುನಾಥ ಪ್ರಸನ್ನ’. ಹೆಂಡತಿಗೆ ಸೊಂಟನೋವು ಬಂದಾಗ ಸೀಟಿಗೆ ತೆಂಗಿನ ನಾರು ತುಂಬಿಸಿದರು. ಆ ಮನುಷ್ಯ ಆ ಕಾರಿನ ಜತೆ ಮಾತಾಡಿದ್ದೇ ಹೀಗೆ. ಈಗ ಹಿರಿಮಗ ಅಪ್ಪನ ನೆನಪಿಗೋಸ್ಕರ ಅಪ್ಪ ಮಾಡಿಸಿದ್ದನ್ನೆಲ್ಲ ಕಿತ್ತುಹಾಕುತ್ತಿದ್ದಾನೆ. ಉತ್ತರಪಾರಾದಿಂದ ಹೊರಟಾಗ ಕಾರಿನಲ್ಲಿ ಮಂಜುನಾಥ ಇರಲಿಲ್ಲವಂತೆ, ಅದಕ್ಕೆ ಬ್ಲೇಡಿನಲ್ಲಿ ಕೆರೆದು ತೆಗೆಸಿದ. ಕಿರಿಮಗನೂ ಕೆರೆಸುತ್ತಿದ್ದ, ಆದರೆ ಅಲ್ಲಿ ಹುಲಿಯ ಸ್ಟಿಕ್ಕರು ಅಂಟಿಸುತ್ತಿದ್ದ. ಒಬ್ಬನಿಗೆ ಅಪ್ಪನಿಗಿಂತ ಮುಂಚಿನ ಕಾರು ಬೇಕು, ಇನ್ನೊಬ್ಬನಿಗೆ ಅಪ್ಪನ ಆಮೇಲಿನದು. ನಡುವಿನ ಅಪ್ಪನನ್ನು ಇಬ್ಬರೂ ಸೇರಿ ಗುಜರಿಗೆ ಹಾಕಿದರು. ಹಾಕಕೂಡದು ಅಂತ ತೀರ್ಮಾನಿಸಿದ್ದು ಕಾರನ್ನು ಮಾತ್ರ, ನೆನಪಿದೆಯಲ್ಲ.

ಮ್ಯೂಸಿಯಮ್ಮಿನ ಮಾತು ಬೇರೆ. ಧರ್ಮಸ್ಥಳದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ದಲ್ಲಿ ಸಾಲಾಗಿ ನಿಂತ ಹಳೇ ಕಾರುಗಳನ್ನು ನೋಡಿ ಬನ್ನಿ, ಅಲ್ಲಿ ಒರಿಜಿನಲ್ ಇರಬೇಕಾದ್ದು ನ್ಯಾಯವೇ. ಮುಂದೆ ಯಾರಾದರೂ ನೋಡಿ ಕಲಿಯಲು ಒಂದು ಸರಿಯಾದ ಮಾದರಿ ಬೇಕು. ಆದರೆ ಜಯನಗರದ ಮೂವತ್ತು ನಲವತ್ತರ ಸೈಟಿನ ಪೋರ್ಟಿಕೋ ಮ್ಯೂಸಿಯಂ ಅಲ್ಲ.

ನನ್ನನ್ನು ಕೇಳಿದರೆ ಬ್ರೇಕು, ವೈರಿಂಗು, ಸೀಟ್‌ಬೆಲ್ಟು ಈ ಮೂರರಲ್ಲಿ ನಾನು ಕಣ್ಣುಮುಚ್ಚಿ ಕಿರಿಮಗನ ಕಡೆ. ಅರವತ್ತರ ದಶಕದ ಡ್ರಮ್ ಬ್ರೇಕಿಗೆ ಎದುರು ಬರುತ್ತಿದ್ದದ್ದು ಎತ್ತಿನಗಾಡಿ. ಈಗ ಹೆಬ್ಬಾಳದ ಫ್ಲೈಓವರಿನಲ್ಲಿ ಮುಂದಿನವನು ಮೊಬೈಲು ನೋಡುತ್ತಾ ಗಕ್ಕನೆ ನಿಲ್ಲುತ್ತಾನೆ. ಬಟ್ಟೆ ಸುತ್ತಿದ ಹಳೇ ವೈರು ಒರಿಜಿನಲ್ಲೇ ಇರಲಿ ಅನ್ನುವವರು ಬೆಂಕಿ ನಂದಿಸುವ ಸಿಲಿಂಡರನ್ನೂ ಒರಿಜಿನಲ್ ಹುಡುಕಿಟ್ಟುಕೊಳ್ಳಲಿ. ಫಿವಾದವರು 2012ರಲ್ಲಿ ಟ್ಯೂರಿನ್ನಿನಲ್ಲಿ ಒಪ್ಪಿದ ಸನ್ನದು ಕೂಡ ಹೇಳುವುದು ಸುಮಾರಾಗಿ ಇಷ್ಟೇ: ಮುಟ್ಟುವುದಾದರೆ ಕಡಿಮೆ ಮುಟ್ಟಿ, ಮತ್ತೆ ಬಿಚ್ಚಿ ತೆಗೆಯುವಂತೆ ಮುಟ್ಟಿ, ಕಾರು ಬಾಳಿದ ಗುರುತನ್ನು ಅಳಿಸಬೇಡಿ. ಆದರೆ ಕ್ಲಬ್ಬಿನ ಸಭೆಗಳಲ್ಲಿ ಈ ಸನ್ನದಿನ ಹೆಸರು ಹೇಳುವವರ ಕಾರುಗಳ ಮೈಮೇಲೆ ಬದುಕಿದ ಗುರುತು ಸಾಸಿವೆಯಷ್ಟೂ ಇಲ್ಲ. ಭಾನುವಾರದ ಪ್ರದರ್ಶನಕ್ಕೆ ಅವು ಟ್ರಕ್ಕಿನ ಮೇಲೆ ಮಲಗಿಕೊಂಡು ಬರುತ್ತವೆ. ಇಳಿಸುವಾಗ ಟೈರಿಗೆ ಮಣ್ಣು ತಾಕೀತೆಂದು ಕೆಳಗೆ ಬಟ್ಟೆ ಹಾಸುತ್ತಾರೆ.

ಆದ್ದರಿಂದ ಸಾರಿಗೆ ಇಲಾಖೆಗೆ ಒಂದು ಕರಡು ಅಧಿಸೂಚನೆ ಬರೆದಿಟ್ಟಿದ್ದೇನೆ. ವಿಂಟೇಜ್ ಅಲ್ಲದ, ಮಾಡಿಫೈಡೂ ಅಲ್ಲದ ಮೂರನೇ ವರ್ಗವೊಂದನ್ನು ಅದು ಸೃಷ್ಟಿಸುತ್ತದೆ, ಹೆಸರು ‘ಬಾಳಿದ ವಾಹನ’. ಅರ್ಜಿದಾರರ ಕಾರಿನಲ್ಲಿ ಕನಿಷ್ಠ ಮೂರು ಬಣ್ಣದ ಪದರ ಇರತಕ್ಕದ್ದು. ತೇಪೆಗಳನ್ನು ಬ್ರೇಕ್ ಇನ್‌ಸ್ಪೆಕ್ಟರು ಖುದ್ದು ಪರಿಶೀಲಿಸಿ, ರಿವಿಟ್ಟಿನ ಸಾಲು ಓರೆಯಾಗಿದ್ದಲ್ಲಿ ಅರ್ಜಿ ತಿರಸ್ಕರಿಸಬಹುದು. ಹಿಂದಿನ ಗಾಜಿನ ಮೇಲಿನ ದೇವರನ್ನು ಅಳಿಸಿದ್ದಲ್ಲಿ ದಂಡ, ದೇವರ ಜಾಗದಲ್ಲಿ ಹುಲಿ ಕಂಡುಬಂದಲ್ಲಿ ಎರಡು ಪಟ್ಟು ದಂಡ. ಡಾಕ್ಟರ್ ಗಾಡಿ ಎಂದು ಘೋಷಿಸಿಕೊಂಡವರು ಆ ಡಾಕ್ಟರರ ವೈದ್ಯಕೀಯ ಮಂಡಳಿ ನೋಂದಣಿ ಸಂಖ್ಯೆ ಲಗತ್ತಿಸತಕ್ಕದ್ದು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಕಚೇರಿಗೆ ಬಂದು ಸಲ್ಲಿಸಬಹುದು. ಕಾರನ್ನು ಓಡಿಸಿಕೊಂಡೇ ಬರತಕ್ಕದ್ದು, ಟ್ರಕ್ಕಿನ ಮೇಲೆ ಹೊತ್ತು ತಂದವರ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ.